ಹಾಳು ಹಂಪೆಯ ಹಾಳಾಗದ ನೀರು

“ಕಾಲಿದ್ದರೆ ಹಂಪೆ, ಕಣ್ಣಿದ್ದರೆ ಕನಕಗಿರಿ” ಎಂಬುದು ಆ ಸೀಮೆಯ ಹಳೆಯ ಗಾದೆ. ಕನಕಗಿರಿಯ ದೇಗುಲದ ಚೆಲುವನ್ನು ನಿಂತಲ್ಲೇ ನಿಂತು ಕಣ್ತುಂಬ ನೋಡಬಹುದು; ಹಂಪೆಯನ್ನಾದರೋ ನಡೆದೇ ನೋಡಬೇಕು. ಆದರೆ ಇಂದಿನ ಪ್ರವಾಸಿಗೆ ಅಷ್ಟು ವ್ಯವಧಾನವೆಲ್ಲಿ? ರಾತ್ರಿಯ ರೈಲಿನಲ್ಲಿ ಬೆಂಗಳೂರು ಬಿಟ್ಟು, ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದು, ಅಲ್ಲಿಂದ 13 ಕಿಲೋಮೀಟರ್ ದಾರಿಯನ್ನು ಮೋಟಾರಿನಲ್ಲಿ ಸಾಗಿ, ವಿರೂಪಾಕ್ಷನಿಗೆ ಕೈಮುಗಿದು, 50 ರೂಪಾಯಿಯ ನೋಟಿನ ಮೇಲೆ ಕಂಡ ಕಲ್ಲಿನ ರಥದ ಮುಂದೆ ಒಂದು ಚಿತ್ರ ತೆಗೆಸಿಕೊಂಡು, ಸಂಜೆಯ ಹೊತ್ತಿಗೆ ಮರಳಿದರೆ ಆತನ ಹಂಪೆಯಾತ್ರೆ ಮುಗಿಯಿತು. “ಎಂಥ ವೈಭವ, ಎಂಥ ಹಾಳು!” ಎಂಬ ಒಂದು ನಿಟ್ಟುಸಿರು ಮಾತ್ರ ಜೊತೆಯಲ್ಲಿ ಬರುತ್ತದೆ.

ಆ ನಿಟ್ಟುಸಿರು ಸುಳ್ಳಲ್ಲ. 1336ರಲ್ಲಿ ತಲೆಯೆತ್ತಿದ ರಾಜ್ಯ 1565ರ ಯುದ್ಧದಲ್ಲಿ ಸೋತಿತು, ರಾಜಧಾನಿ ಕೊಳ್ಳೆಹೋಯಿತು. ಅಂದಿನಿಂದ ‘ಹಾಳು ಹಂಪೆ’ ಎಂಬುದು ಕನ್ನಡಿಗರ ನಾಲಗೆಯ ಮೇಲೆ ಒಂದೇ ಪದವಾಗಿ ಉಳಿದುಬಿಟ್ಟಿದೆ. ಆದರೆ ಆ ಹಾಳಿನ ನಡುವೆ ಹಾಳಾಗದ ಒಂದು ವಸ್ತುವಿದೆ. ಗೋಪುರ ನೋಡಿ ತಲೆಯೆತ್ತಿದವರ ಕಣ್ಣಿಗೆ ಅದು ಬೀಳುವುದಿಲ್ಲ. ಅದನ್ನು ಕಾಣಬೇಕಾದರೆ ತಲೆ ತಗ್ಗಿಸಿ ನೆಲವನ್ನು ನೋಡಬೇಕು. ಅದು ನೀರು.

ಹಂಪೆಯಲ್ಲಿ ಒಂದೇ ದಿನವಿರುವವರು ಆ ದಿನವನ್ನು ನೀರಿನ ಜಾಡು ಹಿಡಿದು ಕಳೆದರೆ ನಷ್ಟವೇನೂ ಇಲ್ಲ. ಹೊರಡಬೇಕಾದುದು ವಿರೂಪಾಕ್ಷನ ಸನ್ನಿಧಿಯಿಂದಲೇ. 1510ರಲ್ಲಿ ಕೃಷ್ಣದೇವರಾಯನು ಕಟ್ಟಿಸಿದ ರಂಗಮಂಟಪವನ್ನು ನೋಡಿ, ಹೇಮಕೂಟದ ಬಂಡೆಗಳನ್ನೇರಿ ದಕ್ಷಿಣಕ್ಕೆ ಇಳಿದರೆ ಕೃಷ್ಣ ದೇವಾಲಯ. ಅದರಾಚೆ ಉಗ್ರನರಸಿಂಹ, ಅವನ ನೆರೆಯಲ್ಲಿ ಬಡವಿಲಿಂಗ. ಸುಮಾರು ಮೂರು ಮೀಟರ್ ಎತ್ತರದ ಆ ಲಿಂಗದ ಪೀಠ ನೀರಿನಲ್ಲಿ ಮುಳುಗಿಯೇ ಇರುತ್ತದೆ. ಎಲ್ಲರೂ ಅದನ್ನು ವಿಸ್ಮಯದಿಂದ ನೋಡುತ್ತಾರೆ. ನೀರು ಎಲ್ಲಿಂದ ಬಂತೆಂದು ಕೇಳುವವರು ವಿರಳ.

ಬಂದುದು ಕಾಲುವೆಯಿಂದ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಅಲ್ಲಲ್ಲಿ ತಗ್ಗಾದ ಒಡ್ಡುಗಳನ್ನು ಕಟ್ಟಿಸಿದರು. ಹೊಳೆಯಲ್ಲಿ ತಾವಾಗಿಯೇ ಬಿದ್ದಿದ್ದ ಹೆಬ್ಬಂಡೆಗಳ ನಡುವಣ ಸಂದುಗಳಿಗೆ ಕಲ್ಲು ತುಂಬಿದ ಒಡ್ಡುಗಳಿವು. ಇವು ಹೊಳೆಯನ್ನು ತಡೆಯುವುದಿಲ್ಲ. ನೀರಿನ ಮಟ್ಟವನ್ನು ಕಾಲುವೆಯ ಬಾಯಿಗೆ ಮುಟ್ಟುವಷ್ಟು ಮಾತ್ರ ಎತ್ತುತ್ತವೆ. ಮಿಕ್ಕ ನೀರು ಒಡ್ಡಿನ ಮೇಲೆ ಉಕ್ಕಿ ತನ್ನ ದಾರಿ ಹಿಡಿಯುತ್ತದೆ. ಹೀಗೆ ಹೊರಟ ಕಾಲುವೆಗಳಲ್ಲಿ ತುರ್ತಾ ಕಾಲುವೆ ಒಂದು. ಯಂತ್ರದ ನೆರವಿಲ್ಲದೆ, ನೆಲದ ಇಳಿಜಾರನ್ನೇ ನಂಬಿ, ಗುಡಿಗಳ ನೆಲೆಗೂ ಅರಮನೆಯ ನೆಲೆಗೂ ನಡುವಣ ಕಣಿವೆಯಲ್ಲಿ ಅದು ಇಂದಿಗೂ ಹರಿಯುತ್ತಿದೆ. ಬಂಡೆಗಳ ಬೆಂಗಾಡಿನ ನಡುವೆ ಬಾಳೆ, ಕಬ್ಬು, ಬತ್ತಗಳ ಹಸಿರು ಹಾಸಿದ್ದರೆ ಅದಕ್ಕೆ ಈ ಕಾಲುವೆಯೇ ಕಾರಣ. ಅರಸನ ಸಿಂಹಾಸನ ಹೋಗಿ ನಾಲ್ಕೂವರೆ ಶತಮಾನವಾಯಿತು. ಆತನ ಕಾಲುವೆಯ ಕೆಲಸ ಮಾತ್ರ ಒಂದು ದಿನವೂ ಮುಗಿದಿಲ್ಲ.

ಕಣಿವೆಯನ್ನು ದಾಟಿ ಕಮಲಾಪುರದ ದಾರಿ ಹಿಡಿದರೆ ಅರಮನೆಯ ಆವರಣ ಸಿಗುತ್ತದೆ. ಇಲ್ಲಿ ಅರಮನೆಗಳಿಲ್ಲ, ಅವುಗಳ ಜಗಲಿಗಳಿವೆ. ಮರದ ಕಂಬ, ಮಾಡುಗಳು ಬೆಂಕಿಗೆ ಆಹುತಿಯಾದವು. ನೀರಿನ ವ್ಯವಸ್ಥೆ ಕಲ್ಲಿನದಾದ್ದರಿಂದ ಉಳಿಯಿತು. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದ ಪುಷ್ಕರಣಿಯನ್ನು ನೋಡಿದವರು ಬೆರಗಾಗದೆ ಇರಲಾರರು. ಕಪ್ಪು ಕಲ್ಲಿನ ಮೆಟ್ಟಿಲುಗಳು ಐದು ಅಂತಸ್ತುಗಳಲ್ಲಿ ಇಳಿಯುತ್ತವೆ. ಯಾವ ಕಲ್ಲು ಯಾವ ದಿಕ್ಕಿನಲ್ಲಿ, ಯಾವ ಸಾಲಿನಲ್ಲಿ ಕೂರಬೇಕೆಂಬುದನ್ನು ತಿಳಿಸುವ ಗುರುತುಗಳನ್ನು ಕಲ್ಲುಕುಟಿಗರು ಆ ಕಲ್ಲುಗಳ ಮೇಲೆಯೇ ಕೊರೆದಿದ್ದಾರೆ. ಅರಸರ ಬಿರುದುಗಳನ್ನು ಹೇಳುವ ಶಾಸನಗಳು ನೂರಾರಿವೆ. ದುಡಿದ ಕೈಗಳು ಬಿಟ್ಟುಹೋದ ಬರಹವೆಂದರೆ ಇಂಥ ಗುರುತುಗಳೇ. ಪಕ್ಕದಲ್ಲಿ ಕಂಬಗಳ ಮೇಲೆ ಸಾಗಿಬರುವ ಕಲ್ಲಿನ ಮೇಲ್ಗಾಲುವೆ, ಅಲ್ಲಲ್ಲಿ ಸುಟ್ಟ ಮಣ್ಣಿನ ಕೊಳವೆಗಳು. ಸ್ವಲ್ಪ ದೂರದಲ್ಲಿ ರಾಣಿಯ ಸ್ನಾನಗೃಹ. ಹೊರಗೋಡೆ ಬೋಳು, ಒಳಗೆ ಕಮಾನುಗಳ ಮೊಗಸಾಲೆ, ಕೊಳದ ಕಡೆಗೆ ಚಾಚಿದ ಮಾಡಗಳು. ದಾರಿಬದಿಯ ಇನ್ನೊಂದು ಕಡೆ ಕಿರುಗಾಲುವೆಯ ಎರಡು ದಡಗಳಲ್ಲೂ ಕಲ್ಲಿನಲ್ಲಿ ಕೆತ್ತಿದ ಊಟದ ಎಲೆಗಳ ಸಾಲು! ಉಂಡವರು ಯಾರೋ, ಬಡಿಸಿದವರು ಯಾರೋ. ಎಲೆಗಳು ಮಾತ್ರ ಹಾಸಿದಂತೆಯೇ ಇವೆ.

ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಈ ನಗರ ರೋಮ್‌ನಷ್ಟು ದೊಡ್ಡದಾಗಿ ಕಂಡಿತೆಂದೂ, ನಡುನಡುವೆ ತೋಪುಗಳೂ ನೀರಿನ ಕಾಲುವೆಗಳೂ ಇದ್ದವೆಂದೂ ಬರೆದಿಟ್ಟಿದ್ದಾನೆ. ರಾಯನು ಕಟ್ಟಿಸುತ್ತಿದ್ದ ಒಂದು ಕೆರೆಯನ್ನೂ ಆತ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಇರುವೆಗಳಂತೆ ದುಡಿಯುತ್ತಿದ್ದರಂತೆ. ಕಟ್ಟೆ ಎರಡು ಮೂರು ಸಲ ಒಡೆಯಿತೆಂದೂ, ಅದು ನಿಲ್ಲಲೆಂದು ನರಬಲಿ ಕೊಡಲಾಯಿತೆಂದೂ ಅವನ ಬರಹ ಹೇಳುತ್ತದೆ. ವೈಭವದ ಕಥೆಯನ್ನು ಹೇಳುವವರು ಈ ಮಾತನ್ನು ಮರೆಮಾಚಬಾರದು. ಹಂಪೆಯ ನೀರು ಪುಕ್ಕಟೆಯಾಗಿ ಬಂದುದಲ್ಲ.

ನಮ್ಮ ಕಾಲದ ನೀರಿಗೂ ಅದರದೇ ಆದ ಬೆಲೆಯಿದೆ. ಹೊಸಪೇಟೆಯ ಬಳಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಲಕ್ಷಾಂತರ ಎಕರೆಗೆ ನೀರುಣಿಸುತ್ತದೆ. ಹಳೆಯ ಒಡ್ಡುಗಳಿಗೆ ಅದು ಎಂದೂ ಸಾಧ್ಯವಿರಲಿಲ್ಲ. ಆದರೆ ಹೊಳೆಯನ್ನು ಪೂರ್ತಿಯಾಗಿ ತಡೆದಾಗ ಹೂಳೂ ಅಲ್ಲಿಯೇ ನಿಲ್ಲುತ್ತದೆ. 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿ.ಎಂ.ಸಿ. ಅಡಿ. 2024ರ ಆಗಸ್ಟ್ 10ರ ರಾತ್ರಿ 33 ತೂಬುಗಳ ಪೈಕಿ 19ನೆಯದರ ಸರಪಳಿ ಹರಿದು ಬಾಗಿಲೇ ಕೊಚ್ಚಿಹೋಯಿತು. ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದರು. ಕೆಲವೇ ದಿನಗಳಲ್ಲಿ, ಹರಿಯುವ ನೀರಿನ ನಡುವೆಯೇ, ಕೆಲಸಗಾರರು ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಹರಿವನ್ನು ತಡೆದರು. ಕಟ್ಟುವುದು ಒಂದು ಸಾಹಸ. ಕಟ್ಟಿದ್ದನ್ನು ದಿನದಿನವೂ ಕಾಯುವುದು ಅದಕ್ಕಿಂತ ದೊಡ್ಡ ಸಾಹಸವೆಂಬುದನ್ನು ಆ ದಿನಗಳು ಕಲಿಸಿದವು.

ಸ್ಮಾರಕಗಳ ವಿಷಯದಲ್ಲಿಯೂ ಮಾತು ಇದೇ. 1986ರಲ್ಲಿ ಹಂಪೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಪಾರಾಯಿತು. ರಕ್ಷಣೆಯೆಂಬುದು ಸುಲಭದ ಕೆಲಸವೂ ಅಲ್ಲ, ಎಲ್ಲರಿಗೂ ಸಿಹಿಯೂ ಅಲ್ಲ. 2011ರ ಜುಲೈಯಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ನೆಲೆಸಿದ್ದವರನ್ನು ಎಬ್ಬಿಸಿದಾಗ ಕಲ್ಲು ಉಳಿಯಿತು, ಬೀದಿಯ ಬಾಳು ಬರಿದಾಯಿತು. ಇತ್ತ 2019ರಲ್ಲಿ, ಕೆಲವು ತರುಣರು ಮೋಜಿಗಾಗಿ ಕಲ್ಲುಕಂಬಗಳನ್ನು ನೂಕಿ ಕೆಡವಿದ ಚಿತ್ರ ಊರೂರಿಗೆ ಹರಡಿತು. ನ್ಯಾಯಾಲಯ ದಂಡ ವಿಧಿಸಿ, ಕೆಡವಿದ ಕಂಬಗಳನ್ನು ಅವರಿಂದಲೇ ನಿಲ್ಲಿಸಿತು. 1565ರ ಸೈನ್ಯವನ್ನು ಬಯ್ಯುವ ಮುನ್ನ ಪ್ರವಾಸಿಗಳು ತಮ್ಮ ಕೈಯ ಕಡೆಗೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ವಿಠ್ಠಲ ದೇಗುಲದ ಸ್ವರಕಂಬಗಳನ್ನು ಬಡಿಯಬಾರದೆಂದು ನಿಷೇಧಿಸಿರುವುದೂ ಇದೇ ಕಾರಣಕ್ಕೆ.

ಹಂಪೆಗೆ ಹೊರಡುವವರು ಚಳಿಗಾಲವನ್ನು ಆರಿಸಿಕೊಳ್ಳಲಿ. ಬೇಸಿಗೆಯಲ್ಲಿ ಬಂಡೆಗಳು ಹಂಚಿನಂತೆ ಕಾಯುತ್ತವೆ. ಒಳ್ಳೆಯ ಮೆಟ್ಟು, ಕುಡಿಯುವ ನೀರು, ಬುತ್ತಿಯ ಗಂಟು ಜೊತೆಯಲ್ಲಿರಲಿ. ಎರಡು ದಿನವಿದ್ದರೆ ಎರಡನೆಯ ದಿನವನ್ನು ಹೊಳೆಯ ದಡದ ಕೋದಂಡರಾಮನಿಗೂ ವಿಠ್ಠಲನಿಗೂ ಮೀಸಲಿಡಬಹುದು. ಒಂದೇ ದಿನವಾದರೆ ಸಂಜೆ ಕಮಲಾಪುರದ ಕೆರೆಯ ಏರಿಗೆ ಬಂದು ಕುಳಿತುಕೊಳ್ಳಲಿ. ಆ ಕೆರೆಗೆ ಟಿಕೆಟ್ಟಿಲ್ಲ, ಮಾರ್ಗದರ್ಶಕನಿಲ್ಲ. ಅರಮನೆಗೆ ನೀರು ಕೊಡುತ್ತಿದ್ದ ಕೆರೆ ಅದು. ಅರಮನೆ ಹೋದ ಮೇಲೂ ಅದು ತನ್ನ ಕೆಳಗಿನ ಗದ್ದೆಗಳನ್ನು ಮರೆತಿಲ್ಲ.