ಹಸಿರು ಕನೆಕ್ಟರ್

ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಎದ್ದ ದೀಪಸ್ತಂಭವು ಬೆಳಕನ್ನು ಗಾಳಿಯಲ್ಲಿ ಎಸೆದು ಹಡಗುಗಳಿಗೆ ಸುದ್ದಿ ಮುಟ್ಟಿಸುತ್ತ ಬಂದಿದೆ. ಅದೇ ಕಾಪುವಿನಲ್ಲಿ, ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿ ಇಂದು ಮನೆಮನೆಗೆ ಬರುವ ಇಂಟರ್ನೆಟ್ ಕೂಡ ಬೆಳಕೇ ಆಗಿದ್ದು, ಆಪ್ಟಿಕಲ್ ಫೈಬರ್ ಎಂಬ ಸಪೂರ ಗಾಜಿನ ಎಳೆಯೊಳಗೆ ಹರಿದು ಬರುತ್ತದೆ. ಕೊಂಕಣ ರೈಲು ಹಳಿಯ ಬದಿಯಲ್ಲಿ ಹೂತ ಕೇಬಲ್ಲಿನಿಂದ ಹಿಡಿದು ಚಾವಡಿಯ ಗೋಡೆಯ ಪುಟ್ಟ ಪೆಟ್ಟಿಗೆಯವರೆಗೆ ಈ ಎಳೆ ಹಲವು ಕಡೆ ಇನ್ನೊಂದಕ್ಕೆ ಜೋಡಿಯಾಗಲೇಬೇಕು, ಮತ್ತು ಬೇಕೆಂದಾಗ ಬಿಚ್ಚಿ ಮತ್ತೆ ಕೂಡಿಸಲು ಬರುವಂಥ ಜೋಡಣೆಗೆ ಕನೆಕ್ಟರ್ ಎಂದು ಹೆಸರು.

ತಾಮ್ರದ ತಂತಿಯಾದರೆ ಹೊಸೆದು ಕಟ್ಟಿದರೆ ಸಾಕಾಗುತ್ತಿತ್ತು. ಆದರೆ ಗಾಜಿನ ಎಳೆಯ ಹೊರವ್ಯಾಸ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗವಾಗಿದ್ದು, ಬೆಳಕು ಹರಿಯುವ ತಿರುಳು ಅದರೊಳಗೆ ಸುಮಾರು 9 ಮೈಕ್ರಾನ್ ಮಾತ್ರ ಇರುವುದರಿಂದ, ಎರಡು ತಿರುಳುಗಳು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಸರಿದರೂ ಬೆಳಕು ಸೋರಿಹೋಗುತ್ತದೆ. ಈ ತೊಡಕಿಗೆ ಜಪಾನಿನ ಎನ್‌ಟಿಟಿ ಸಂಸ್ಥೆಯಲ್ಲಿ ಎತ್ಸುಜಿ ಸುಗಿತ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡುಕೊಂಡ ಉತ್ತರವೇ ಎಸ್‌ಸಿ ಕನೆಕ್ಟರ್. ಅವರ ಪ್ರಬಂಧ 1989ರಲ್ಲಿ ಪ್ರಕಟವಾಯಿತು. ಹಿಂದಿನ ಎಫ್‌ಸಿ ಮಾದರಿಯನ್ನು ತಿರುಪಿನಂತೆ ತಿರುಗಿಸಬೇಕಿತ್ತು, ಎಸ್‌ಸಿಯನ್ನು ಒತ್ತಿದರೆ ಕೂರುತ್ತದೆ, ಎಳೆದರೆ ಬಿಡುತ್ತದೆ. ಬೆರಳಾಡಿಸಲು ಜಾಗ ಬಿಡಬೇಕಿಲ್ಲವಾದ್ದರಿಂದ ಒತ್ತೊತ್ತಾಗಿಯೂ ಜೋಡಿಸಬಹುದು.

ಇದರ ಜೀವಾಳವಿರುವುದು ಫೆರೂಲ್ ಎಂಬ ಬಿಳಿಯ ಮೂತಿಯಲ್ಲಿ. ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ 2.5 ಮಿಲಿಮೀಟರ್ ದಪ್ಪದ ಈ ಕಡ್ಡಿಯ ನಟ್ಟನಡುವಿನ ರಂಧ್ರದಲ್ಲಿ ಎಳೆಯನ್ನು ಅಂಟಿಸಿ, ತುದಿಯನ್ನು ನಯವಾದ ಹಾಳೆಗಳ ಮೇಲೆ ಹಂತಹಂತವಾಗಿ ಉಜ್ಜಿ, ಕಣ್ಣಿಗೆ ಕಾಣದಷ್ಟು ಉಬ್ಬು ಕೊಡುತ್ತಾರೆ. ಹಿಂದಿನ ಸ್ಪ್ರಿಂಗ್ ಒತ್ತಿದಾಗ ಎರಡು ಉಬ್ಬುಗಳು ತಗುಲಿ ನಡುವೆ ಗಾಳಿ ಉಳಿಯುವುದಿಲ್ಲ. ಗಾಳಿ ಉಳಿದರೆ ಕಿಟಕಿಯ ಗಾಜಿನಂತೆ ಬೆಳಕಿನ ಒಂದಂಶ ಹಿಂದಕ್ಕೆ ಮರಳುತ್ತದೆ. ಮನೆಗಳಲ್ಲಿ ಕಾಣುವ ಹಸಿರು ಬಣ್ಣದ ಕನೆಕ್ಟರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುವುದರಿಂದ ಮರಳುವ ಬೆಳಕೂ ಪಕ್ಕಕ್ಕೆ ಸರಿದು ಕಳೆದುಹೋಗುತ್ತದೆ. ಆದಕಾರಣ ಹಸಿರಿಗೆ ಹಸಿರನ್ನೇ ಕೂಡಿಸಬೇಕೇ ಹೊರತು ಓರೆಯಿಲ್ಲದ ನೀಲಿ ಕನೆಕ್ಟರನ್ನಲ್ಲ.

ಒಂದು ಧೂಳಿನ ಕಣ ಈ ತಿರುಳನ್ನು ಮುಚ್ಚಲು ಸಾಕು. ಅದಕ್ಕಾಗಿಯೇ ಕರಾವಳಿಯ ಜಡಿಮಳೆಯಲ್ಲಿ ಕೊಂಬೆ ಬಿದ್ದು ತುಂಡಾದ ಕೇಬಲ್ಲನ್ನು ಸರಿಪಡಿಸಲು ಬರುವ ಕೆಲಸಗಾರ, ಕೆಂಪು ಬೆಳಕಿನ ಪೆನ್ನು ಹಿಡಿದು ಎಳೆ ಎಲ್ಲಿ ಕೆಂಪಗೆ ಸೋರುತ್ತದೆಂದು ಪತ್ತೆಹಚ್ಚಿ, ಸ್ಪ್ಲೈಸಿಂಗ್ ಯಂತ್ರದ ಕಿಡಿಯಲ್ಲಿ ಗಾಜಿಗೆ ಗಾಜು ಬೆಸೆದ ಮೇಲೂ, ಕನೆಕ್ಟರಿನ ಮೂತಿಯನ್ನು ಒರೆಸದೆ ಪೆಟ್ಟಿಗೆಗೆ ಚುಚ್ಚುವುದಿಲ್ಲ.

ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನ ಕಲ್ಲಿನ ನುಣುಪನ್ನು ಜನ ತಲೆಯೆತ್ತಿ ನೋಡುತ್ತಾರೆ, ಕಾಪುವಿನ ದೀಪಸ್ತಂಭವನ್ನು ಸಂಜೆ ಹತ್ತಿ ಇಳಿಯುತ್ತಾರೆ. ಹಸಿರು ಕನೆಕ್ಟರಿನ ಮೂತಿಯ ಆ ನುಣುಪಾದರೋ, ಟೀವಿಯ ಹಿಂದೆ ಜೇಡರಬಲೆಯ ನಡುವೆ ತೆಪ್ಪಗೆ ಕೂತಿರುತ್ತದೆ, ನೆಟ್ ಹೋದ ದಿನವಷ್ಟೇ ಯಾರಾದರೊಬ್ಬರು ಅದನ್ನು ಮುಟ್ಟಿ ನೋಡುತ್ತಾರೆ.