ಬಾರ್ಲಿಯ ಶಿಲೀಂಧ್ರ ವಿಷ: ತಳಿ, ತಪಾಸಣೆ ಮತ್ತು ವ್ಯಾಪಾರ

ಮಾಲ್ಟ್ ತಯಾರಿಕೆಯ ಬಾರ್ಲಿಗೆ ತೂಕವೊಂದೇ ಬೆಲೆ ತರುವುದಿಲ್ಲ. ತೆನೆ ಬಿಡುವ ಕಾಲದಲ್ಲಿ ಮಳೆ ಹಿಡಿದರೆ ಫ್ಯುಸೇರಿಯಂ ಎಂಬ ಶಿಲೀಂಧ್ರವು ಕಾಳಿಗೆ ತಗುಲಿ, ವ್ಯವಹಾರದಲ್ಲಿ ‘ಡಾನ್’ ಎನಿಸಿಕೊಳ್ಳುವ ಡಿಆಕ್ಸಿನಿವಲೆನಾಲ್ ವಿಷವನ್ನು ಉತ್ಪಾದಿಸುತ್ತದೆ. ಇದು ಶಾಖಕ್ಕೆ ಸುಲಭವಾಗಿ ನಾಶವಾಗದು. ಮಾಲ್ಟಿನ ಮೂಲಕ ಬಿಯರಿಗೂ ಸೇರಬಲ್ಲದು. ಸೋಂಕಿತ ಮಾಲ್ಟಿನ ಬಿಯರು ಬಾಟಲಿ ತೆರೆದೊಡನೆ ಉಕ್ಕಿ ಚೆಲ್ಲುವುದೂ ಉಂಟು.

ಅಮೆರಿಕದ ಉತ್ತರ ಡಕೋಟ ಮತ್ತು ಮಿನ್ನೆಸೋಟ ರಾಜ್ಯಗಳಲ್ಲಿ 1993ರಲ್ಲಿ ಈ ರೋಗವು ವ್ಯಾಪಕವಾಗಿ ಹರಡಿ, ಮುಂದಿನ ವರ್ಷಗಳಲ್ಲೂ ಮರುಕಳಿಸಿತು. ಮಾಲ್ಟ್ ಉದ್ಯಮವು ನಿರಾಕರಿಸಿದ ಬಾರ್ಲಿ ಪಶು ಆಹಾರದ ದರಕ್ಕಿಳಿಯಿತು. ಕ್ರಮೇಣ ಬೇಸಾಯದ ಗಣನೀಯ ಪಾಲು ಒಣಹವೆಯ ಮೊಂಟಾನಾ, ಐಡಹೋ ರಾಜ್ಯಗಳತ್ತ ಸರಿಯಿತು.

ಪರಿಹಾರವನ್ನು ತಳಿ ಅಭಿವೃದ್ಧಿಯಲ್ಲಿ ಅರಸಲಾಯಿತು. ಆದರೆ ರೋಗ ನಿರೋಧಕ ಗುಣವು ಒಂದೇ ವಂಶವಾಹಿಯಿಂದ ಬರುವಂಥದ್ದಲ್ಲ. ಅದರೊಂದಿಗೆ ತಡವಾಗಿ ತೆನೆ ಬಿಡುವಂತಹ ಬೇಡದ ಗುಣಗಳೂ ಸೇರಿ ಬರುತ್ತವೆ. ಹೀಗಾಗಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ‘ಕ್ವೆಸ್ಟ್’ ತಳಿ ಹೊರಬಂದದ್ದು 2010ರಲ್ಲಿ. ಹಳೆಯ ‘ರೋಬಸ್ಟ್’ ತಳಿಗಿಂತ ಅದರಲ್ಲಿ ಡಾನ್ ಪ್ರಮಾಣ ಸುಮಾರು ಅರ್ಧದಷ್ಟಿದೆ. ಆದರೂ ಇದು ಸಂಪೂರ್ಣ ರಕ್ಷಣೆಯಲ್ಲ.

ಆದುದರಿಂದ ತಳಿಯ ಹೆಸರನ್ನಷ್ಟೇ ನಂಬಿ ಖರೀದಿಸುವುದು ಕ್ಷೇಮವಲ್ಲ. ವಿಷವು ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲವಾದ ಕಾರಣ ಒಂದೆಡೆಯ ಹಿಡಿ ಕಾಳಿನ ಪರೀಕ್ಷೆ ಸಾಲದು. ಹಲವೆಡೆಯ ಮಾದರಿಗಳನ್ನು ಬೆರೆಸಿ ಪರೀಕ್ಷಿಸಬೇಕು. ಡಾನ್‌ನ ಗರಿಷ್ಠ ಮಿತಿ, ಮಾದರಿ ತೆಗೆಯುವ ಕ್ರಮ, ಪ್ರಯೋಗಾಲಯ ಹಾಗೂ ತಿರಸ್ಕೃತ ಸರಕಿನ ಸಾಗಣೆ ವೆಚ್ಚ ಯಾರದೆಂಬುದನ್ನು ಖರೀದಿ ಕರಾರಿನಲ್ಲಿಯೇ ನಮೂದಿಸತಕ್ಕದ್ದು. ಹಾಗಿಲ್ಲದಿದ್ದಲ್ಲಿ, ಸರಕು ಗೋದಾಮು ಸೇರಿದ ಬಳಿಕ ಕಂಡುಬರುವ ನಷ್ಟವು ಸಾಮಾನ್ಯವಾಗಿ ಖರೀದಿದಾರನ ಲೆಕ್ಕಕ್ಕೇ ಬೀಳುತ್ತದೆ.