ಡ್ಯಾಶ್‌ಬೋರ್ಡ್ ಮೇಲಿನ ಕರಿ ಗುಂಡಿ ಯಾವುದು? ಗಣಪತಿ ಅಂಟಿಸುವ ಮೊದಲು ಒಮ್ಮೆ ನೋಡಿ

ಬೆಂಗಳೂರಲ್ಲೋ ಮೈಸೂರಲ್ಲೋ ನಾಲ್ಕೈದು ವರ್ಷ ಓಡಿದ ಟಾಪ್ ಮಾಡೆಲ್ ಕಾರು ಸೆಕೆಂಡ್ ಹ್ಯಾಂಡ್ ಆಗಿ ತಾಲ್ಲೂಕಿನ ಅಂಗಡಿ ಮಾಲೀಕರ ಕೈಗೆ ಬರುವುದು ಈಗ ಮಾಮೂಲಿ. ಗಾಡಿ ಬರುತ್ತೆ, ಸ್ಪೇರ್ ಕೀ ಬರುತ್ತೆ, ಆದರೆ ಅದರ ಮ್ಯಾನ್ಯುಯಲ್ ಪುಸ್ತಕ ಮಾತ್ರ ಬಂದಿರೋದಿಲ್ಲ. ಹಾಗಾಗಿ ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಕೂತಿರುವ ಒಂದು ಪುಟ್ಟ ಕರಿ ಗುಮ್ಮಟ ಏನು ಅಂತ ಹೇಳುವವರು ಯಾರೂ ಇರೋದಿಲ್ಲ. ಕೋಟಿನ ಗುಂಡಿಯಷ್ಟು ದಪ್ಪ, ನಯವಾದ ಪ್ಲಾಸ್ಟಿಕ್. ಕೆಲವರಿಗೆ ಅದು ಕ್ಯಾಮೆರಾ, ಕೆಲವರಿಗೆ ಜಿಪಿಎಸ್. ಸಾಲದ ಗಾಡಿ ಆಗಿದ್ದರೆ ಫೈನಾನ್ಸ್‌ನವರು ಇಟ್ಟ ಟ್ರ್ಯಾಕರ್ ಇರಬಹುದಾ ಅನ್ನೋ ಅನುಮಾನವೂ ಬರುತ್ತೆ.

ಅದು ಇದ್ಯಾವುದೂ ಅಲ್ಲ. ಕಾರಿನಲ್ಲಿ ಆಟೋಮ್ಯಾಟಿಕ್ ಎಸಿ ಇದ್ದರೆ ಅದು ಬಹುತೇಕ ಬಿಸಿಲಿನ ಸೆನ್ಸರ್. ಮೆಕ್ಯಾನಿಕ್‌ಗಳು ಸನ್ ಸೆನ್ಸರ್, ಸೋಲಾರ್ ಸೆನ್ಸರ್ ಅಂತಾರೆ. ಒಳಗಿರೋದು ಬೆಳಕು ಬಿದ್ದರೆ ಸಣ್ಣದಾಗಿ ವಿದ್ಯುತ್ ಹರಿಸುವ ಫೋಟೋಡಯೋಡ್. ಬಿಸಿಲು ಜಾಸ್ತಿ ಆದಷ್ಟೂ ವಿದ್ಯುತ್ ಜಾಸ್ತಿ. ಇದು ಶಾಖ ಅಳೆಯೋದಿಲ್ಲ, ಬಿಸಿಲು ಎಷ್ಟು ಬಿದ್ದಿದೆ ಅನ್ನೋದನ್ನು ಅಳೆಯುತ್ತೆ. ಈ ವ್ಯತ್ಯಾಸ ಮುಖ್ಯ.

ಯಾಕೆ ಅಂದರೆ, ಹೊಂಗೆ ಮರದ ಕೆಳಗೆ ನಿಂತವರಿಗೂ ಪಕ್ಕದ ರಸ್ತೆಯಲ್ಲಿ ನಿಂತವರಿಗೂ ಸುತ್ತಲಿನ ಗಾಳಿ ಹೆಚ್ಚುಕಡಿಮೆ ಒಂದೇ. ಆದರೂ ರಸ್ತೆಯಲ್ಲಿ ನಿಂತವರ ಮೈ ಸುಡುತ್ತೆ. ನೆತ್ತಿ ಮೇಲಿನ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಶಾಖ ಸುರಿಯುತ್ತೆ, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಎಸಿಯಲ್ಲಿ 24 ಡಿಗ್ರಿ ಇಟ್ಟು ಕೂತಾಗ ಕಾರಿನ ಒಳಗಿನ ಗಾಳಿ 24ಕ್ಕೇ ಇದ್ದರೂ, ಗಾಜಿನಿಂದ ಮುಖಕ್ಕೆ ಬಿಸಿಲು ಹೊಡೆಯುತ್ತಿದ್ದರೆ ಕೂತವರಿಗೆ ಸೆಖೆಯೇ. ಆ ಗುಂಡಿ ಇದನ್ನು ಎಸಿಯ ಕಂಪ್ಯೂಟರ್‌ಗೆ ತಿಳಿಸುತ್ತೆ. ಆಗ ಬ್ಲೋವರ್ ಜೋರಾಗುತ್ತೆ, ಬರುವ ಗಾಳಿ ಇನ್ನಷ್ಟು ತಣ್ಣಗಾಗುತ್ತೆ. ಮೋಡ ಮುಚ್ಚಿದರೆ ತಾನಾಗೇ ಇಳಿಯುತ್ತೆ.

ತೊಂದರೆ ಶುರುವಾಗೋದು ಆ ಗುಂಡಿ ಮುಚ್ಚಿದಾಗ. ನಮ್ಮಲ್ಲಿ ಗಾಡಿ ತಂದ ದಿನವೇ ಡ್ಯಾಶ್‌ಬೋರ್ಡ್ ಮೇಲೆ ಗಣಪತಿಯೋ ಸಾಯಿಬಾಬಾನೋ ಕೂರಬೇಕು, ಪಕ್ಕದಲ್ಲಿ ಸೆಂಟ್ ಬಾಟಲಿ, ಕೆಳಗೆ ದಪ್ಪ ಕಾರ್ಪೆಟ್ ಮ್ಯಾಟ್. ಅಂಗಡಿಯವರ ಕಾರಾದರೆ ಬಿಲ್ ಬುಕ್ಕು, ಡೆಲಿವರಿ ಚಲನ್, ಕರವಸ್ತ್ರ ಎಲ್ಲ ಅಲ್ಲೇ. ಗುಂಡಿ ಮುಚ್ಚಿತು ಅಂದರೆ ಮಟಮಟ ಮಧ್ಯಾಹ್ನವೂ ಎಸಿಗೆ ಕತ್ತಲಾದ ಹಾಗೆ ಲೆಕ್ಕ. ಅದು ಕೆಟ್ಟು ನಿಲ್ಲೋದಿಲ್ಲ, ಬಿಸಿಲಿಗೆ ತಕ್ಕಷ್ಟು ಜೋರು ಮಾಡೋದಿಲ್ಲ ಅಷ್ಟೆ. ‘ಎಸಿ ಯಾಕೋ ಸಾಲ್ತಿಲ್ಲ’ ಅಂತ ಮಾಲೀಕರು ಗ್ಯಾರೇಜಿಗೆ ಹೋಗ್ತಾರೆ. ಅಲ್ಲಿ ಸಿಗುವ ಉತ್ತರ ಬಹಳ ಸಲ ಒಂದೇ: ‘ಗ್ಯಾಸ್ ಖಾಲಿ ಆಗಿದೆ ಸಾರ್, ತುಂಬಿಸಬೇಕು.’

ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿ ಆಗುವಂಥದ್ದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಲೀಕ್ ಹುಡುಕದೆ ತುಂಬಿಸಿದರೆ ದುಡ್ಡು ಗಾಳಿಗೆ ಹೋದ ಹಾಗೆ. ಗ್ಯಾರೇಜಿಗೆ ಹೋಗುವ ಮೊದಲು ಒಂದು ಕೆಲಸ ಮಾಡಬಹುದು. ಆಟೋ ಬಿಟ್ಟು ಕೈಯಿಂದಲೇ ಟೆಂಪರೇಚರನ್ನು ತೀರಾ ಕೆಳಕ್ಕೆ ಇಳಿಸಿ, ಬ್ಲೋವರ್ ಫುಲ್ ಮಾಡಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ ಹತ್ತು ನಿಮಿಷ ಬಿಡಿ. ಗಾಳಿ ಚೆನ್ನಾಗಿ ತಣ್ಣಗೆ ಬರುತ್ತಿದ್ದರೆ ಗ್ಯಾಸು, ಕಂಪ್ರೆಸರ್ ಎರಡೂ ಹೆಚ್ಚಾಗಿ ಸರಿಯಾಗೇ ಇವೆ. ಆಟೋದಲ್ಲಿ ಹಾಕಿದಾಗ ಮಾತ್ರ ಸೆಖೆ ಅನ್ನೋದಾದರೆ ಸೆನ್ಸರ್ ಕಡೆ ನೋಡಬೇಕು.

ಹಾಗಂತ ಡ್ಯಾಶ್‌ಬೋರ್ಡ್ ಮೇಲೆ ಇರುವ ಗುಂಡಿಯೆಲ್ಲ ಬಿಸಿಲಿನ ಸೆನ್ಸರ್ ಅಲ್ಲ. ಎಸಿ ಪ್ಯಾನೆಲ್‌ನಲ್ಲಿ ‘ಆಟೋ’ ಅನ್ನೋ ಬಟನ್ ಇಲ್ಲ, ಬರೀ ನೀಲಿ-ಕೆಂಪು ತಿರುಗಿಸುವ ನಾಬ್ ಇದೆ ಅಂದರೆ ಆ ಕಾರಿಗೆ ಸಾಮಾನ್ಯವಾಗಿ ಈ ಸೆನ್ಸರ್ ಇರೋದಿಲ್ಲ. ಗಾಡಿ ಲಾಕ್ ಮಾಡಿದಾಗ ಕೆಂಪಗೆ ಮಿಣಮಿಣ ಅಂದರೆ ಅದು ಕಳ್ಳತನದ ಅಲಾರಂ ದೀಪ. ಕತ್ತಲಾದಾಗ ಹೆಡ್‌ಲೈಟ್ ತಾನಾಗೇ ಹತ್ತುವ ಕಾರಿನಲ್ಲಿ ಅದಕ್ಕೂ ಇಂಥದ್ದೇ ಒಂದು ಗುಂಡಿ ಇರಬಹುದು. ಕೆಲವು ಕಾರಿನಲ್ಲಿ ಒಂದೇ ಗುಮ್ಮಟದೊಳಗೆ ಎರಡು ಮೂರು ಕೆಲಸ ಸೇರಿಸಿರ್ತಾರೆ. ಹಗಲು ಹೊತ್ತಲ್ಲೇ ಹೆಡ್‌ಲೈಟ್ ಹತ್ತಿ ಎದುರಿನವರು ಕೈ ತೋರಿಸುತ್ತಿದ್ದರೆ ಮೊದಲು ನೋಡಬೇಕಾದ್ದು ಡ್ಯಾಶ್‌ಬೋರ್ಡ್ ಮೇಲಿನ ಟವೆಲ್ಲನ್ನು! ಇನ್ನು ಒಳಗಿನ ಕನ್ನಡಿ ಹಿಂದೆ ಗಾಜಿಗೇ ಅಂಟಿಕೊಂಡ ಕರಿ ಡಬ್ಬಿ ಇದ್ದರೆ ಅದು ಮಳೆ ಸೆನ್ಸರ್ ಇರಬಹುದು. ಫಾಸ್ಟ್ಯಾಗ್ ಅಂಟಿಸುವಾಗ ಅದನ್ನು ತಪ್ಪಿಸಿ ಅಂಟಿಸಬೇಕು.

ಬಿಸಿಲಿನ ಸೆನ್ಸರ್ ಕೆಲಸ ಮಾಡ್ತಿದೆಯಾ ಅಂತ ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ನಿಲ್ಲಿಸಿ ನೋಡಬಹುದು. ಆಟೋದಲ್ಲಿ ಹಾಕಿ, ಕಾರು ತಣ್ಣಗಾದ ಮೇಲೆ ಗುಂಡಿ ಮೇಲೆ ದಪ್ಪ ಬಟ್ಟೆ ಮುಚ್ಚಿ ಒಂದೆರಡು ನಿಮಿಷ ಕಾಯಿರಿ. ಬ್ಲೋವರ್ ಸದ್ದು ಸ್ವಲ್ಪ ಇಳಿದು, ಬಟ್ಟೆ ತೆಗೆದ ಮೇಲೆ ಮತ್ತೆ ಏರಿದರೆ ಸೆನ್ಸರ್ ಜೀವಂತ. ಕಂಪ್ಯೂಟರ್ ಇದನ್ನು ಬೇಕಂತಲೇ ನಿಧಾನವಾಗಿ ಮಾಡುತ್ತೆ, ಇಲ್ಲದಿದ್ದರೆ ಸಾಲು ಮರದ ರಸ್ತೆಯಲ್ಲಿ ಹೋಗುವಾಗ ಪ್ರತಿ ನೆರಳಿಗೂ ಫ್ಯಾನ್ ಏರಿಳಿಯಬೇಕಾಗುತ್ತಿತ್ತು. ಮೊಬೈಲ್ ಟಾರ್ಚ್ ಹಿಡಿದು ಪರೀಕ್ಷೆ ಮಾಡೋದು ಬೇಡ. ಬಿಸಿಲಿನಲ್ಲಿ ಇರುವ ಇನ್‌ಫ್ರಾರೆಡ್ ಕಿರಣ ಎಲ್‌ಇಡಿ ಬೆಳಕಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸುವವರಿಗೂ ಒಂದು ಮಾತು. ಟೊಯೋಟಾದ ಅನೇಕ ಕಾರುಗಳಲ್ಲಿ ಎಸಿ ಪರೀಕ್ಷೆ ಮಾಡಿದಾಗ ಸೋಲಾರ್ ಸೆನ್ಸರ್‌ಗೆ 21 ಅನ್ನೋ ಕೋಡ್ ಬರುತ್ತೆ. ಶೆಡ್ಡಿನ ಕತ್ತಲಲ್ಲಿ ನಿಲ್ಲಿಸಿ ನೋಡಿದರೆ ಸೆನ್ಸರ್ ಸರಿ ಇದ್ದರೂ ಈ ಕೋಡ್ ಬರಬಹುದು, ಅಂಥ ಕಡೆ ಹಳೇ ಕಾಲದ ತಂತಿ ಬಲ್ಬಿನ ಬೆಳಕು ಹಿಡಿದೇ ನೋಡಬೇಕು. ಹಾಗಾಗಿ ‘ಸೆನ್ಸರ್ ಹೋಗಿದೆ’ ಅಂದ ಕೂಡಲೇ ಹೊಸದಕ್ಕೆ ದುಡ್ಡು ಕೊಡುವ ಮುಂಚೆ ಗಾಡಿಯನ್ನು ಬಿಸಿಲಿಗೆ ತಂದು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.

ಗುಂಡಿಗಿಂತಲೂ ಹೆಚ್ಚು ಅನ್ಯಾಯಕ್ಕೆ ಒಳಗಾಗೋದು ಇನ್ನೊಂದಿದೆ. ಸ್ಟೀರಿಂಗ್ ಆಸುಪಾಸಿನಲ್ಲೋ ಎಸಿ ಪ್ಯಾನೆಲ್‌ನಲ್ಲೋ ಬೆರಳಿನಷ್ಟು ಅಗಲದ ಪುಟ್ಟ ಜಾಲರಿ ಇರುತ್ತೆ. ಮೈಕ್ ಅಂದುಕೊಳ್ಳುವವರೇ ಜಾಸ್ತಿ. ಕಾರಿನ ಒಳಗಿನ ಶಾಖ ಅಳೆಯುವ ಸೆನ್ಸರ್ ಇರೋದು ಅದರ ಹಿಂದೆ, ಒಂದು ಸಣ್ಣ ಫ್ಯಾನ್ ಅಥವಾ ಪೈಪು ಒಳಗಿನ ಗಾಳಿಯನ್ನು ಅದರ ಮೇಲೆ ಎಳೆಯುತ್ತಿರುತ್ತೆ. ಆಯುಧಪೂಜೆ ದಿನ ಅರಿಶಿನ, ಕುಂಕುಮ, ವಿಭೂತಿ ಎಲ್ಲ ಬೀಳೋದು ಇಲ್ಲಿಗೇ. ನಮ್ಮ ಮಣ್ಣು ರಸ್ತೆಯ ಧೂಳು, ಸಿಗರೇಟು ಹೊಗೆ, ಪಾಲಿಶ್ ಸ್ಪ್ರೇ ಸೇರಿ ಜಾಲರಿ ಕಟ್ಟಿದರೆ ಸೆನ್ಸರ್‌ಗೆ ತಾಜಾ ಗಾಳಿ ಸಿಗೋದಿಲ್ಲ, ಲೆಕ್ಕ ತಪ್ಪುತ್ತೆ. ಎಸಿ ಆನ್ ಮಾಡಿ, ಸ್ಟಾಂಪಿನಷ್ಟು ತೆಳು ಟಿಶ್ಯೂ ಚೂರನ್ನು ಜಾಲರಿಗೆ ಹಿಡಿಯಿರಿ. ಅಂಟಿಕೊಂಡರೆ ಗಾಳಿ ಎಳೀತಿದೆ. ಬಿದ್ದುಹೋದರೆ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ವ್ಯಾಕ್ಯೂಮ್ ಇದ್ದರೆ ಹೊರಗಿನಿಂದ ಎಳೆಸಿ. ನೀರು, ಸ್ಪ್ರೇ ಬೇಡವೇ ಬೇಡ.

ಹೊರಗಿನ ಶಾಖದ ಸೆನ್ಸರ್ ಇರೋದು ಸಾಮಾನ್ಯವಾಗಿ ಮುಂದಿನ ಬಂಪರ್ ಹಿಂದೆ. ಎಮ್ಮೆಗೋ ಹಂಪ್‌ಗೋ ತಗುಲಿ ಬಂಪರ್ ಬಿಚ್ಚಿ ಕಟ್ಟಿಸಿದ ಗಾಡಿಯಲ್ಲಿ ಅದರ ವೈರ್ ಹಾಕೋದನ್ನೇ ಮರೆತಿರುವುದುಂಟು. ಆಗ ಅನೇಕ ಕಾರುಗಳ ಮೀಟರ್‌ನಲ್ಲಿ ಹೊರಗೆ ಮೈನಸ್ 30, ಮೈನಸ್ 40 ಡಿಗ್ರಿ ಅಂತ ತೋರಿಸುತ್ತೆ. ನಗು ಬಂದರೂ ವಿಷಯ ಹಾಗಿಲ್ಲ: ಹೊರಗೆ ಅಷ್ಟು ಚಳಿ ಇದೆ ಅಂತ ನಂಬಿದ ಕಂಪ್ಯೂಟರ್ ಕಂಪ್ರೆಸರನ್ನೇ ಆನ್ ಮಾಡದೆ ಇರಬಹುದು. ಇದಕ್ಕೂ ಗ್ಯಾಸ್ ತುಂಬಿಸಿ ಬಂದವರು ಇದ್ದೇ ಇರ್ತಾರೆ, ಬೇಕಾಗಿದ್ದದ್ದು ಒಂದು ಪ್ಲಗ್ ಚುಚ್ಚುವ ಕೆಲಸ.

ಗಣಪತಿಯನ್ನು ಎಲ್ಲಿ ಕೂರಿಸೋದು ಅನ್ನೋದು ಉಳಿಯಿತು. ಗುಂಡಿಯ ಮೇಲೂ ಬೇಡ, ನೆರಳು ಬೀಳುವಷ್ಟು ಹತ್ತಿರವೂ ಬೇಡ. ಎಡಗಡೆ ಸೀಟಿನ ಎದುರಿಗೆ ‘ಏರ್‌ಬ್ಯಾಗ್’ ಅಂತ ಬರೆದಿರುವ ಜಾಗದಲ್ಲಂತೂ ಏನನ್ನೂ ಅಂಟಿಸಬಾರದು. ಅಪಘಾತವಾದಾಗ ಬ್ಯಾಗ್ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಹೊರಬರುತ್ತೆ, ಮೇಲಿದ್ದ ವಿಗ್ರಹ ಕೂತವರ ಮುಖಕ್ಕೇ ಬಡಿಯುತ್ತೆ. ಕಾರ್ಪೆಟ್ ಮ್ಯಾಟ್ ಬೇಕೇ ಬೇಕು ಅನ್ನುವವರು ತಮ್ಮ ಮಾಡೆಲ್ಲಿಗೇ ಅಂತ ಹೊಲಿದದ್ದನ್ನು ಕೇಳಿ ತಗೊಳ್ಳಿ, ಅದರಲ್ಲಿ ಸೆನ್ಸರ್‌ಗೆ ಜಾಗ ಬಿಟ್ಟಿದ್ದಾರಾ ಅಂತ ಅಂಗಡಿಯಲ್ಲೇ ಹಾಸಿ ನೋಡಿ. ಈಗಾಗಲೇ ಮ್ಯಾಟ್ ಹಾಸಿರುವವರು ಒಂದು ತುದಿ ಎತ್ತಿ ಹುಡುಕಿ, ಗುಂಡಿ ಸಿಕ್ಕಿದರೆ ಅದರ ನೇರಕ್ಕೆ, ಗುಂಡಿಗಿಂತ ಸ್ವಲ್ಪ ಅಗಲವಾಗಿ ಕತ್ತರಿಯಿಂದ ತೂತು ಮಾಡಿದರೆ ಸಾಕು.